ಅತ್ತಿಗೆಗೆ ನಡೆಯೋಕಾಗಲ್ಲ

“ಅತ್ತಿಗೆ ಹೇಗೂ ಇಲ್ಲೇ ಇರ್ತಾರಲ್ಲ” ಎಂದು ನಾದಿನಿ ತನ್ನ ಕೈಚೀಲವನ್ನು ಜಮಖಾನದ ಮೂಲೆಗೆ ಎಸೆದಳು. ಚೀಲದ ಹಿಂದೆಯೇ ಅವಳ ಎತ್ತರದ ಹಿಮ್ಮಡಿಯ ಚಪ್ಪಲಿ ಬಂತು. ಮೈದುನನ ಸ್ವೆಟರ್ ಬಂತು, ವಾರಗಿತ್ತಿಯ ಕೊಡೆ ಬಂತು, ಮಕ್ಕಳ ಬೂಟುಗಳು ಕಾಲುಚೀಲದ ಸಮೇತ ಬಂದು ಬಿದ್ದವು. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣು ಚುರುಕಾಗುತ್ತದೆ ಎಂದು ನಾದಿನಿಯ ಗಂಡ ಯಾವ ಕಾಲದಲ್ಲೋ ಓದಿದ್ದ. ಅಂದಿನಿಂದ ಪಾರ್ಕಿಗೆ ಬಂದ ಕೂಡಲೇ ಇಡೀ ಸಂಸಾರ ಚಪ್ಪಲಿ ಕಳಚುತ್ತಿತ್ತು. ಯಾರ ಕಣ್ಣೂ ಚುರುಕಾದಂತೆ ಕಾಣಲಿಲ್ಲ. ಹೋದ ವರ್ಷ ಆ ಓದಿದವನಿಗೇ ಕನ್ನಡಕ ಬಂತು.

ಒಟ್ಟು ಹತ್ತು ಜೊತೆ. ಅತ್ತಿಗೆ ಅವನ್ನೆಲ್ಲ ಜೋಡಿ ಮಾಡಿ ಜಮಖಾನದ ಅಂಚಿಗೆ ಸಾಲಾಗಿ ಇಟ್ಟಳು. ಚೀಲಗಳನ್ನು ಮರದ ಬುಡಕ್ಕೆ ಒರಗಿಸಿ, ಟಿಫಿನ್ ಕ್ಯಾರಿಯರ್ ಮೇಲೆ ಟವಲು ಹೊದಿಸಿ ತಲೆ ಎತ್ತುವಷ್ಟರಲ್ಲಿ ಎಲ್ಲರೂ ದಿಕ್ಕಿಗೊಬ್ಬರಂತೆ ಚದುರಿದ್ದರು. ಕೊನೆಗೆ ಉಳಿದವರು ಗಂಡ. ಅವರೂ ಪ್ಯಾಂಟನ್ನು ಎರಡು ಸುತ್ತು ಮಡಚಿ, ಕೈ ಹಿಂದೆ ಕಟ್ಟಿಕೊಂಡು, “ಬರ್ತೀನಿ” ಎಂದು ಕಾರಂಜಿಯ ಕಡೆಗೆ ಹೊರಟರು.

ಆ ಮನೆಯಲ್ಲಿ ಅವಳು ಎಲ್ಲರಿಗೂ ಅತ್ತಿಗೆ. ಮೈದುನ, ನಾದಿನಿ ಹಾಗೆ ಕರೆಯುವುದು ಸರಿಯೇ. ಪಕ್ಕದ ಮನೆಯವರಿಗೂ ಅವಳು ಅತ್ತಿಗೆ, ಅಂಗಿಗಳಿಗೆ ಕಾಜಾ ಹೊಲಿಯಲು ಕೊಡುವ ದರ್ಜಿಗೂ ಅತ್ತಿಗೆ. ದಿನಕ್ಕೆ ನಲವತ್ತು ಅಂಗಿಗಳ ಕಾಜಾ ಹೊಲಿದು, ಗುಂಡಿ ಕೂರಿಸಿ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು, ಎರಡು ಮೈಲಿ ದೂರದ ಅಂಗಡಿಗೆ ಅವಳೇ ನಡೆದುಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಬಂದವಳು ಮೂರು ಮಹಡಿ ಮೆಟ್ಟಿಲು ಹತ್ತಬೇಕು. ಇಷ್ಟಿದ್ದೂ ‘ಅತ್ತಿಗೆಗೆ ನಡೆಯೋಕಾಗಲ್ಲ’ ಎಂಬುದು ಆ ಮನೆಯಲ್ಲಿ ಗೋಡೆ ಗಡಿಯಾರದಷ್ಟೇ ಗಟ್ಟಿಯಾಗಿ ನೆಲೆಯೂರಿದ ಮಾತು.

ಅದು ಶುರುವಾದದ್ದು ಮದುವೆಯಾದ ವರ್ಷ. ಶಾಲೆಯ ಪರೀಕ್ಷೆಗಳು ಮುಗಿದ ಮೇಲಿನ ಭಾನುವಾರ ಎಲ್ಲರೂ ಪಾರ್ಕಿಗೆ ಹೋಗುವುದು ಆ ಮನೆಯ ಪದ್ಧತಿ. ಆಗ ಅವಳಿಗೆ ಏಳು ತಿಂಗಳು. ಹೆಚ್ಚು ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರು, ಕೂತಳು. ಮರುವರ್ಷ ಮಗಳು ಜಮಖಾನದ ಮೇಲೆ ನಿದ್ದೆ ಹೋದಳು, ಕೂತಳು. ಆಮೇಲೆ ಮಗ ಬಂದ. ಅವನು ನಡೆಯುವ ಹೊತ್ತಿಗೆ ಅತ್ತೆಯ ಮಂಡಿ ಹಿಡಿದುಕೊಂಡಿತು. ವಯಸ್ಸಾದವರನ್ನು ಒಬ್ಬರನ್ನೇ ಕೂರಿಸಿ ಹೋಗುವುದು ಹೇಗೆ ಎಂದು ಕೂತಳು. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಈಗ ಕೂರುವುದಕ್ಕೆ ಕಾರಣವೇ ಇರಲಿಲ್ಲ, ಆದರೆ ಯಾರೂ ಏಳು ಅನ್ನಲಿಲ್ಲ. ಅವಳೂ ಕೇಳಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಇಪ್ಪತ್ತನಾಲ್ಕು ವರ್ಷ ಅದೇ ಪಾರ್ಕು, ಅದೇ ಮರ, ಅದೇ ಜಮಖಾನ.

ಕೇಳದೆ ಇದ್ದದ್ದಕ್ಕೂ ಒಂದು ಕಾರಣವಿತ್ತು, ಅದು ಅವಳ ಗಂಡ. ಅವರು ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೀದಿಯಲ್ಲಿ ಎಲ್ಲರೂ ಬೈಂಡರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಊಟಕ್ಕೆ ಕೂತರೆ ಉಪ್ಪು ಕಡಿಮೆ ಎಂಬುದನ್ನೂ ಕಣ್ಣಲ್ಲೇ ಹೇಳುವ ಜನ. ಅಂಥವರು ವರ್ಷಕ್ಕೊಂದು ಸಲ, ಪಾರ್ಕಿನಿಂದ ವಾಪಸು ಬರುವ ಬಸ್ಸಿನಲ್ಲಿ, ಅವಳು “ಏನು ನೋಡಿದ್ರಿ?” ಎಂದು ಕೇಳಿದ ಕೂಡಲೇ ಬಾಯಿ ಬಿಡುತ್ತಿದ್ದರು. ಗಾಜಿನ ಮನೆಯೊಳಗೆ ಒಂದು ಕೊಳವಿದೆ. ಕೊಳದಲ್ಲಿ ಮೊರಕ್ಕಿಂತ ದೊಡ್ಡ ಎಲೆ, ತಟ್ಟೆಯ ಹಾಗೆ ಅಂಚು ಮೇಲೆದ್ದಿದೆ. ಪುಟ್ಟ ಮಗುವನ್ನು ಕೂರಿಸಿದರೂ ಮುಳುಗುವುದಿಲ್ಲ. ಹೂವು ಮೊದಲ ದಿನ ಬೆಳ್ಳಗೆ, ಮರುದಿನ ಗುಲಾಬಿ ಬಣ್ಣ. ಪ್ರತಿ ವರ್ಷ ಅದಕ್ಕೆ ಏನಾದರೊಂದು ಹೊಸದು ಸೇರುತ್ತಿತ್ತು. ಒಂದು ವರ್ಷ ಎಲೆಯ ಅಡಿಯಲ್ಲಿ ಮುಳ್ಳಿದೆ ಎಂದರು, ಮತ್ತೊಂದು ವರ್ಷ ಎರಡನೇ ಎಲೆ ಬಿಟ್ಟಿದೆ ಎಂದರು. ಬಸ್ಸು ಕುಲುಕುತ್ತಿತ್ತು, ಅವರ ಭುಜ ತಗಲುತ್ತಿತ್ತು, ಅತ್ತಿಗೆಯ ಹೊಟ್ಟೆ ತಣ್ಣಗಾಗುತ್ತಿತ್ತು. ವರ್ಷದಲ್ಲಿ ಅರ್ಧ ಗಂಟೆ ಗಂಡ ತನಗೆಂದೇ ಮಾತಾಡುತ್ತಾರೆ ಎಂದರೆ ದಿನವಿಡೀ ಚಪ್ಪಲಿ ಕಾದದ್ದು ಅವಳಿಗೆ ದೊಡ್ಡದೆನಿಸುತ್ತಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಒಬ್ಬ ಹೆಂಗಸು ಬಂದು ಜಮಖಾನದ ಎದುರು ನಿಂತರು. ಅರವತ್ತು ದಾಟಿರಬಹುದು. ಕತ್ತರಿಸಿದ ನರೆಗೂದಲು, ಕಂಕುಳಲ್ಲಿ ಅಗಲವಾದ ಚಿತ್ರದ ಪುಸ್ತಕ, ಬೆರಳ ತುದಿಗೆಲ್ಲ ಸೀಸದ ಕಪ್ಪು. ಬೇರೆ ಊರಿನ ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದರಂತೆ, ಹೋದ ತಿಂಗಳು ನಿವೃತ್ತಿ. ಚಿಕ್ಕವರಿದ್ದಾಗ ಒಮ್ಮೆ ಈ ಪಾರ್ಕಿನ ಗಾಜಿನ ಮನೆಯಲ್ಲಿ ಒಂದು ದೊಡ್ಡ ಎಲೆಯ ಚಿತ್ರ ಬಿಡಿಸಿದ್ದರು. ಇನ್ನೊಮ್ಮೆ ಬಿಡಿಸಬೇಕೆಂದು ಬೆಳಗಿನ ಮೊದಲ ರೈಲಿಗೆ ಬಂದಿದ್ದರು. ದಾರಿ ಮರೆತಿದೆ, ಹೇಳುತ್ತೀರಾ ಎಂದರು.

ಅತ್ತಿಗೆಗೆ ಜೀವ ಬಂದಂತಾಯಿತು. ಇದೊಂದು ವಿಷಯದಲ್ಲಿ ಅವಳನ್ನು ಮೀರಿಸುವವರಿಲ್ಲ. ಕಾರಂಜಿ ದಾಟಿ, ಬ್ಯಾಂಡ್ ಬಾರಿಸುವ ಕಟ್ಟೆಯ ಹತ್ತಿರ ಎಡಕ್ಕೆ ತಿರುಗಿ, ಹಿಂದಿನ ಗೇಟಿನ ಕಡೆ ಹೋದರೆ ಗಾಜಿನ ಮನೆ ಎಂದು ಕೈ ಮಾಡಿ ತೋರಿಸಿದಳು. ಒಳಗೆ ಬಲಗಡೆಯ ಮೂಲೆಯಲ್ಲಿ ನಿಂತು ನೋಡಿದರೆ ಎಲೆಯ ಅಂಚು ಚೆನ್ನಾಗಿ ಕಾಣುತ್ತದೆ, ಈಗ ಎರಡನೇ ಎಲೆಯೂ ಬಿಟ್ಟಿದೆ ಎಂದು ಸೇರಿಸಿದಳು. ಮೇಡಂ ಕೈ ಮುಗಿದು ಹೊರಟರು. ಅತ್ತಿಗೆ ತಾನೇ ಆ ಎಲೆಗೆ ನೀರು ಹಾಕಿ ಸಾಕಿದವಳ ಹಾಗೆ ಕಾಲು ಚಾಚಿ ಕೂತಳು.

ಮುಕ್ಕಾಲು ಗಂಟೆಯ ಮೇಲೆ ಮೇಡಂ ವಾಪಸು ಬಂದರು. ಮುಖ ಕೆಂಪಗಾಗಿತ್ತು, ಚಿತ್ರದ ಪುಸ್ತಕ ಬಿಚ್ಚಿಯೇ ಇರಲಿಲ್ಲ. ಸಿಟ್ಟನ್ನು ಹಲ್ಲು ಕಚ್ಚಿ ಹಿಡಿದುಕೊಂಡು ಕೇಳಿದರು.

“ನೀವು ಆ ಗಾಜಿನ ಮನೆ ನೋಡಿದ್ದು ಯಾವಾಗಮ್ಮ? ಅದಕ್ಕೆ ಬೀಗ ಹಾಕಿ ಒಂಬತ್ತು ವರ್ಷ ಆಯ್ತಂತೆ. ಸೂರು ಕುಸಿದಿದೆ. ಕೊಳದಲ್ಲಿ ನೀರೇ ಇಲ್ಲ, ಒಳಗೆ ಮುರಿದ ಬೆಂಚು ಪೇರಿಸಿಟ್ಟಿದಾರೆ.”

ಅತ್ತಿಗೆ, ಹಾಗಿರಲಾರದು, ಹೋದ ವರ್ಷವಷ್ಟೇ ನಮ್ಮನೆಯವರು ನೋಡಿ ಬಂದರಲ್ಲ ಎಂದು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಹೋದ ವರ್ಷ. ಅದರ ಹಿಂದಿನ ವರ್ಷ. ಮುಳ್ಳು, ಎರಡನೇ ಎಲೆ, ಬಲಗಡೆಯ ಮೂಲೆ. ಒಂಬತ್ತು ವರ್ಷದ ಬಸ್ಸಿನ ಮಾತುಗಳು ಒಂದೊಂದಾಗಿ ಅವಳ ಕಣ್ಣೆದುರಿಗೇ ಬಿಚ್ಚಿಕೊಂಡವು. ಮೈಯೆಲ್ಲ ಬಿಸಿಯಾಯಿತು. ಅವಮಾನವೋ ಸಿಟ್ಟೋ ಆಗ ತಿಳಿಯಲಿಲ್ಲ. ಸಿಟ್ಟು ಎಂದು ಆಮೇಲೆ ತಿಳಿಯಿತು.

“ನಾನು ನೋಡಿಲ್ಲ ಮೇಡಂ. ಕೇಳಿದ್ದು.”

ಮೇಡಂಗೆ ಪಾಪ ಅನ್ನಿಸಿರಬೇಕು, ಜಮಖಾನದ ತುದಿಗೆ ಕೂತರು. ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದು ಕೇಳಿದರು. ಇಪ್ಪತ್ತನಾಲ್ಕು ಎಂದಳು. ಇಪ್ಪತ್ತನಾಲ್ಕು ವರ್ಷ ಬಂದು ಮತ್ತೇನು ನೋಡಿದಿರಿ ಎಂದು ಅವರು ಸಹಜವಾಗಿಯೇ ಕೇಳಿದರು. ಅತ್ತಿಗೆ ಎದುರಿಗಿದ್ದ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಚಪ್ಪಲಿ” ಎಂದಳು.

ಹೇಳಿದ ಮೇಲೆ ಅವಳಿಗೇ ನಗು ಬಂತು, ಮೇಡಂ ಕೂಡ ನಕ್ಕರು. ನಗು ನಿಂತ ಮೇಲೆ ಅತ್ತಿಗೆ ಎದ್ದಳು. ಬಟ್ಟೆಗೆ ಅಂಟಿದ ಹುಲ್ಲು ಕೊಡವಿ, ತನ್ನ ಚಪ್ಪಲಿಗೆ ಕಾಲು ತೂರಿಸಿದಳು. ಮೇಡಂ ಆ ಸಾಮಾನಿನ ರಾಶಿ ನೋಡಿ, ನೀವು ಹೋಗಿ ಬನ್ನಿ, ನಾನು ಸ್ವಲ್ಪ ಹೊತ್ತು ಕೂತಿರುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು.

“ಬೇಡ ಮೇಡಂ” ಎಂದಳು ಅತ್ತಿಗೆ. “ನೀವೂ ರೈಲು ಹತ್ತಿ ಬಂದಿದ್ದು ಇದನ್ನ ಕಾಯೋಕಲ್ಲ.”

ಹೊರಟದ್ದೇನೋ ಹೊರಟಳು. ಮೊದಲ ಇಪ್ಪತ್ತು ಹೆಜ್ಜೆಯಲ್ಲಿ ಮೂರು ಸಲ ತಿರುಗಿ ನೋಡಿದಳು. ಕೈಗೆ ಏನೂ ಇಲ್ಲದೆ ನಡೆದು ಅಭ್ಯಾಸವಿರಲಿಲ್ಲ, ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಬೀಸಿಕೊಂಡು ಹೋದಳು. ನಾದಿನಿಯ ಕೈಚೀಲದಲ್ಲಿ ಏನೇನಿದೆಯೋ, ಯಾರಾದರೂ ಎತ್ತಿಕೊಂಡು ಹೋದರೆ ಮುಂದಿನ ಪರೀಕ್ಷೆಯವರೆಗೂ ಮನೆಯಲ್ಲಿ ಅದೇ ಮಾತು. ಹೋಗಲಿ ಎಂದುಕೊಂಡಳು. ನಾಲ್ಕನೇ ಸಲ ತಿರುಗಬೇಕೆನಿಸಿದಾಗ ಕತ್ತನ್ನು ಬಿಗಿ ಹಿಡಿದಳು.

ಕಾರಂಜಿ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ನೀರು ಮೊಣಕಾಲೆತ್ತರಕ್ಕೆ ಚಿಮ್ಮಿ ಸುಸ್ತಾಗಿ ಬೀಳುತ್ತಿತ್ತು. ಬ್ಯಾಂಡ್ ಕಟ್ಟೆ ಮಾತ್ರ ಅಂದುಕೊಂಡದ್ದಕ್ಕಿಂತ ಚೆಂದ. ಅಲ್ಲಿ ಏಳೆಂಟು ಮಂದಿ ವಯಸ್ಸಾದವರು ತುತ್ತೂರಿ, ಡೋಲು ಹಿಡಿದು ಬಾರಿಸುತ್ತಿದ್ದರು. ತುತ್ತೂರಿಯವನು ತಪ್ಪಿದಾಗಲೆಲ್ಲ ಡೋಲಿನವನು ಅವನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದ, ತುತ್ತೂರಿಯವನು ನೋಡದವನ ಹಾಗೆ ಊದುತ್ತಿದ್ದ. ಅತ್ತಿಗೆ ಒಂದು ಹಾಡು ಮುಗಿಯುವವರೆಗೂ ನಿಂತು ಕೇಳಿದಳು. ಇದನ್ನು ಯಾಕೆ ಯಾರೂ ಒಂದು ಸಲವೂ ಹೇಳಲಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಎಡಕ್ಕೆ ತಿರುಗಿದಳು. ಗಾಜಿನ ಮನೆ ಮೇಡಂ ಹೇಳಿದಂತೆಯೇ ಇತ್ತು. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಕಂಬಿಗಳಿಗೆ ಬಳ್ಳಿ ಹಬ್ಬಿ ಒಣಗಿತ್ತು. ಅದರ ಹಿಂದೆ, ಹಿಂದಿನ ಗೇಟಿನ ನೆರಳಿನಲ್ಲಿ, ಪೇಪರ್ ಹಾಸಿಕೊಂಡು ನಾಲ್ಕು ಜನ ಇಸ್ಪೀಟು ಆಡುತ್ತಿದ್ದರು. ಮೂವರನ್ನು ಅವಳು ಎಂದೂ ನೋಡಿರಲಿಲ್ಲ. ನಾಲ್ಕನೆಯವರು ಬೈಂಡರು.

ಅವರು ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದು ಏನೋ ಹೇಳುತ್ತಿದ್ದರು, ಉಳಿದ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಮನೆಯಲ್ಲಿ ಉಪ್ಪು ಕೇಳದ ಮನುಷ್ಯ ಇಲ್ಲಿ ಮೂರು ಜನರನ್ನು ನಗಿಸುತ್ತಿದ್ದಾರೆ. ಗಾಜಿನ ಮನೆಯ ಸುಳ್ಳಿಗಿಂತ ಇದು ಅವಳಿಗೆ ಹೆಚ್ಚು ಚುಚ್ಚಿತು. ಹತ್ತಿರ ಹೋಗಿ ನಿಂತಳು. ಅವಳ ನೆರಳು ಎಲೆಗಳ ಮೇಲೆ ಬಿದ್ದಾಗ ಬೈಂಡರು ತಲೆ ಎತ್ತಿದರು.

“ಸಾಮಾನು ಯಾರು ನೋಡ್ತಿದಾರೆ?” ಎಂದು ಕೇಳಿದರು. ಮೊದಲ ಮಾತೇ ಅದು.

“ಯಾರೂ ಇಲ್ಲ.”

ಬೈಂಡರು ಧಡಕ್ಕನೆ ಎದ್ದರು. ಅವಳ ಮೊಣಕೈ ಹಿಡಿದು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಬಂದು, ಮೊದಲು ಹೋಗಿ ಅಲ್ಲಿ ಕೂತುಕೋ, ಆಮೇಲೆ ಎಲ್ಲ ಹೇಳುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅತ್ತಿಗೆ ಮೊಣಕೈ ಬಿಡಿಸಿಕೊಂಡಳು. ಕೊಳದ ಎಲೆ ಎಲ್ಲಿ ಎಂದು ಕೇಳಿದಳು. ಅವರು ಗಾಜಿನ ಮನೆಯ ಕಡೆ ನೋಡಿದರು, ತಮ್ಮ ಬರಿಗಾಲನ್ನು ನೋಡಿಕೊಂಡರು, ಸುಳ್ಳು ಹೇಳುವುದಕ್ಕೆ ಜಾಗವಿಲ್ಲ ಎಂದು ಕಂಡ ಮೇಲೆ ನಿಜ ಹೇಳಿದರು. ಮೊದಲ ವರ್ಷಗಳಲ್ಲಿ ನೋಡಿದ್ದು ಹೌದು. ಆಮೇಲೆ ಈ ಜೊತೆಗಾರರು ಸಿಕ್ಕರು, ಇಲ್ಲೇ ಕೂರುವುದಾಯಿತು. ಬೀಗ ಬಿದ್ದಾಗ ಹೇಳೋಣವೆಂದುಕೊಂಡಿದ್ದರು. ಆದರೆ ಬಸ್ಸಿನಲ್ಲಿ ಅವಳು ಅಷ್ಟು ಆಸೆಯಿಂದ ಕೇಳುತ್ತಿದ್ದಳಲ್ಲ. ಅಂಗಡಿಗೆ ಗಿಡಮರಗಳ ಪುಸ್ತಕವೊಂದು ಹೊಲಿಗೆ ಬಿಟ್ಟು ಬಂದಿತ್ತು, ಅದನ್ನು ಕಟ್ಟುವಾಗ ಓದಿಕೊಂಡರು. ಮುಳ್ಳು, ಬಣ್ಣ, ಎಲ್ಲ ಅದರಲ್ಲಿದ್ದದ್ದೇ.

“ನಿಂಗೆ ಖುಷಿ ಆಗ್ತಿತ್ತು, ಅದಕ್ಕೆ ಹೇಳ್ತಿದ್ದೆ” ಎಂದರು. ಅದು ನೆಪವಾಗಿರಲಿಲ್ಲ. ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು.

“ಖುಷಿ ಆಗ್ತಿತ್ತು ರೀ” ಎಂದಳು ಅತ್ತಿಗೆ. “ಅದಕ್ಕೇ ನಾನು ಎದ್ದು ಬರ್ಲಿಲ್ಲ.”

ಇಸ್ಪೀಟಿನವರಲ್ಲಿ ಒಬ್ಬ, ಬೈಂಡರೇ ನಿಮ್ಮ ಸರದಿ ಎಂದು ಕೂಗಿದವನು ಇಬ್ಬರ ಮುಖ ನೋಡಿ ತನ್ನ ಆಟದ ಕಡೆ ತಿರುಗಿದ. ಬೈಂಡರು ಎಲೆಗಳನ್ನು ಮಡಚಿ ಅವನ ಕೈಗೆ ಕೊಟ್ಟು, ಸರಿ ನಡಿ, ಇನ್ನೂ ಎರಡು ಗಂಟೆ ಇದೆ, ಪಾರ್ಕೆಲ್ಲ ನಾನೇ ತೋರಿಸುತ್ತೇನೆ ಎಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ದಿನ ಈ ಮಾತು ಬಂದಿದ್ದರೂ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಹೊರಡುತ್ತಿದ್ದಳು.

“ಬೇಡ. ನೀವು ತೋರ್ಸಿದ್ದು ಸಾಕು. ನೀವು ಹೋಗಿ ಜಮಖಾನದ ಹತ್ರ ಕೂತ್ಕೊಳ್ಳಿ, ಇಲ್ಲಾಂದ್ರೆ ಇಸ್ಪೀಟಾಡಿ. ನಾನು ನೋಡ್ಕೊಂಡು ಬರ್ತೀನಿ.”

ಹೇಳಿ ತಿರುಗಿದಳು. ದಾರಿ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಹಿಂದೆ ಬರುತ್ತಾರೇನೋ ಎಂದು ಕಿವಿ ಹಿಂದಕ್ಕೇ ಇತ್ತು, ಬರಲಿಲ್ಲ. ಸಾಮಾನಿನ ಚಿಂತೆ ಅವರನ್ನು ಜಮಖಾನದ ಕಡೆಗೆ ಎಳೆದುಕೊಂಡು ಹೋಗಿತ್ತು. ಅತ್ತಿಗೆ ಬಿದಿರ ಮೆಳೆಗಳ ನಡುವಿನ ಸಣ್ಣ ದಾರಿ ಹಿಡಿದಳು. ಅಲ್ಲಿ ತಂಪಿತ್ತು, ಬಿದಿರು ಒಂದಕ್ಕೊಂದು ಉಜ್ಜಿ ಕಿರುಗುಡುತ್ತಿತ್ತು. ಒಬ್ಬ ಹುಡುಗಿ ಬೆಂಚಿನ ಮೇಲೆ ಕೂತು ಜೋರಾಗಿ ಪಾಠ ಓದುತ್ತಿದ್ದಳು. ಇಬ್ಬರು ಮುದುಕರು ಒಂದೇ ಪೇಪರಿನ ಎರಡು ತುದಿ ಹಿಡಿದು ಓದುತ್ತಿದ್ದರು, ಒಬ್ಬ ಪುಟ ತಿರುಗಿಸಲು ಹೋದರೆ ಇನ್ನೊಬ್ಬ ಬಿಡುತ್ತಿರಲಿಲ್ಲ. ಮರಗಳಿಗೆ ತಗಡಿನ ಹೆಸರು ಹಲಗೆಗಳಿದ್ದವು. ಅವಳು ಒಂದೊಂದನ್ನೂ ಕಾಜಾದ ಹೊಲಿಗೆ ನೋಡುವಷ್ಟು ಹತ್ತಿರ ಹೋಗಿ ಓದಿದಳು. ಕಣ್ಣೀರು ಬಂತು. ತಡೆಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ, ಓದುತ್ತಲೇ ಮುಂದೆ ಹೋದಳು.

ಬಿದಿರು ಮುಗಿದಲ್ಲಿ ಕೆರೆ ಇತ್ತು. ದೋಣಿಕಟ್ಟೆಯಲ್ಲಿ ಡ್ರಾಯಿಂಗ್ ಮೇಡಂ ದೋಣಿಯವನ ಜೊತೆ ವಾದಕ್ಕೆ ನಿಂತಿದ್ದರು. ಒಬ್ಬರಿಗೇ ದೋಣಿ ಕೊಡುವುದಿಲ್ಲ, ಕನಿಷ್ಠ ಇಬ್ಬರಾದರೂ ಇರಬೇಕು ಎಂದು ಹಲಗೆಯ ಮೇಲೆ ಬರೆದಿತ್ತು, ದೋಣಿಯವನು ಅದನ್ನು ಬೆರಳಿನಿಂದ ಬಡಿದು ಬಡಿದು ತೋರಿಸುತ್ತಿದ್ದ. ಎಲೆ ಸಿಗದಿದ್ದರೆ ನೀರಾದರೂ ಬಿಡಿಸಿಕೊಂಡು ಹೋಗುತ್ತೇನೆ ಎಂದು ಮೇಡಂ ಹಟ ಹಿಡಿದಿದ್ದರು. ಅತ್ತಿಗೆ ಹೋಗಿ ಪಕ್ಕದಲ್ಲಿ ನಿಂತು, ಈಗ ಇಬ್ಬರಾದೆವು ಎಂದಳು.

ದೋಣಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಹುಟ್ಟು ಹಾಕಲು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ, ಹೇಳಿಕೊಡು ಎಂದಳು. ಅವನು ಹೇಳಿಕೊಟ್ಟ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು, ಎರಡೂ ಕೈ ಒಟ್ಟಿಗೆ ಎಳೆಯಬೇಕು, ಒಂದೇ ಕೈ ಎಳೆದರೆ ದೋಣಿ ಗಿರಗಿಟ್ಟೆ ಸುತ್ತುತ್ತದೆ. ಅವಳು ಒಂದು ಕಾಲನ್ನು ದೋಣಿಯೊಳಗೆ ಇಟ್ಟಿದ್ದಳು, ಅಷ್ಟರಲ್ಲಿ ಹಿಂದಿನಿಂದ “ಅತ್ತಿಗೆ” ಎಂದು ಕೂಗು ಬಂತು.

ಇಡೀ ಸಂಸಾರ ಬಂದಿತ್ತು. ನಾದಿನಿ ಮುಂದೆ, ಉಳಿದವರು ಹಿಂದೆ. ಮೈದುನನ ಹೆಗಲ ಮೇಲೆ ಜಮಖಾನದ ಸುರುಳಿ, ಬೈಂಡರ ಎರಡೂ ಕೈಯಲ್ಲಿ ಚೀಲಗಳು, ವಾರಗಿತ್ತಿಯ ಕೈಯಲ್ಲಿ ಖಾಲಿ ಟಿಫಿನ್ ಕ್ಯಾರಿಯರ್. ಕೊನೆಯಲ್ಲಿ ನಾದಿನಿಯ ಗಂಡ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡು ಕುಂಟುತ್ತಿದ್ದ. ನಡೆದದ್ದನ್ನು ನಾದಿನಿ ಒಂದೇ ಉಸಿರಿಗೆ ಒಪ್ಪಿಸಿದಳು. ಬೈಂಡರು ಹೋಗುವಷ್ಟರಲ್ಲಿ ನಾಯಿ ಹೊಸ ಬೂಟು ಕಚ್ಚಿಕೊಂಡು ಓಡಿತ್ತು, ಕಾಗೆಗಳು ಮುಚ್ಚಳ ತೆಗೆದು ಸಂಜೆಯ ತಿಂಡಿ ಮುಗಿಸಿದ್ದವು, ಕೈಚೀಲ ಯಾವ ಪುಣ್ಯಕ್ಕೋ ಉಳಿದಿತ್ತು.

“ನಿಮ್ಮನ್ನ ನಂಬಿ ಬಿಟ್ಟು ಹೋಗಿದ್ವಿ ಅತ್ತಿಗೆ. ಒಂದು ಮಾತು ಹೇಳ್ದೆ ಹೀಗೆ ಎದ್ದು ಬರೋದಾ?”

ದೋಣಿ ಅಲುಗಾಡುತ್ತಿತ್ತು. ಅತ್ತಿಗೆಯ ಒಂದು ಕಾಲು ಅದರಲ್ಲಿ, ಒಂದು ಕಾಲು ಕಟ್ಟೆಯ ಮೇಲೆ. ಹಳೆಯ ಅತ್ತಿಗೆಯಾಗಿದ್ದರೆ ಈ ಹೊತ್ತಿಗೆ ಕೆಳಗಿಳಿದು, ನಾಯಿ ಯಾವ ಕಡೆ ಹೋಯಿತೆಂದು ಕೇಳುತ್ತಿದ್ದಳು. ಇವಳು ಇಳಿಯಲಿಲ್ಲ.

“ಇನ್ಮೇಲೆ ಚಪ್ಪಲಿ ಹಾಕ್ಕೊಂಡೇ ನಡೀರಮ್ಮ. ಕಣ್ಣಿಗೆ ಏನೂ ಆಗಲ್ಲ.”

ಡ್ರಾಯಿಂಗ್ ಮೇಡಂ ಕೆಮ್ಮಿದರು. ನಾದಿನಿಯ ಮುಖ ಗಂಟಾಯಿತು. ಅವಳು ಅಣ್ಣನ ಕಡೆ ತಿರುಗಿ, ನೀನಾದರೂ ಹೇಳು ಎಂಬಂತೆ ನೋಡಿದಳು. ಬೈಂಡರು ಕೈಯಲ್ಲಿದ್ದ ಚೀಲಗಳ ಪಟ್ಟಿ ಸರಿಮಾಡಿಕೊಂಡರು. ಮಾತಾಡಿದವಳು ಮಗಳು. ಇಪ್ಪತ್ತಮೂರು ವರ್ಷದ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಗಾಬರಿಯಿತ್ತು.

“ಅಮ್ಮ, ನಿಂಗೆ ನಡೆಯೋಕಾಗಲ್ಲ ಅಲ್ವಾ?”

“ದಿನಾ ದರ್ಜಿ ಅಂಗಡಿಗೆ ಗಂಟು ಹೊತ್ಕೊಂಡು ಹೋಗೋದು ಯಾರೇ?”

“ಅದು ಬೇರೆ ಅಲ್ವಾ” ಎಂದಳು ಮಗಳು. ಅಂದಮೇಲೆ ತಾನು ಅಂದದ್ದು ಅವಳ ಕಿವಿಗೇ ಬಿತ್ತು. ಮುಖ ಸಣ್ಣಗಾಯಿತು. ಅತ್ತಿಗೆಗೆ ಮಗಳ ಕೆನ್ನೆ ಸವರಿ ಸಮಾಧಾನ ಹೇಳಬೇಕೆನಿಸಿತು, ಕಟ್ಟೆಯ ಮೇಲಿನ ಕಾಲು ಅಷ್ಟು ದೂರವೇನೂ ಇರಲಿಲ್ಲ. ಆದರೆ ಒಮ್ಮೆ ಇಳಿದರೆ ಇಳಿದಂತೆಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಕಾಲನ್ನೂ ಎತ್ತಿ ದೋಣಿಯೊಳಗೆ ಇಟ್ಟಳು. ದೋಣಿಯವನು ಹಗ್ಗ ಬಿಚ್ಚಿದ.

ಮೊದಲು ದೋಣಿ ಎರಡು ಸುತ್ತು ಸುತ್ತಿತು. ದಂಡೆಯ ಮೇಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು, ಮೈದುನ ಬಲಗೈ ಬಲಗೈ ಎಂದು ಸಲಹೆ ಕೊಟ್ಟ, ನಾದಿನಿಯ ಗಂಡ ಎಡಗೈ ಎಂದ. ಅತ್ತಿಗೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಕ್ಕೆ ನಲವತ್ತು ಅಂಗಿಗೆ ಕಾಜಾ ಹೊಲಿಯುವ ಬೆರಳುಗಳು ಹುಟ್ಟಿನ ಹಿಡಿಯನ್ನು ತಡವಿ ತಡವಿ ತಾವೇ ಹದ ಕಂಡುಕೊಂಡವು. ಎರಡೂ ಕೈ ಒಟ್ಟಿಗೆ ಎಳೆದಳು, ಬಿಟ್ಟಳು, ಎಳೆದಳು. ದೋಣಿ ನೆಟ್ಟಗಾಯಿತು.

ಬೆನ್ನು ಕೆರೆಗೆ, ಮುಖ ದಂಡೆಗೆ. ಹಾಗಾಗಿ ಅವಳು ದೂರ ಹೋದಷ್ಟೂ ಆ ಹತ್ತು ಜನ ಅವಳ ಕಣ್ಣಮುಂದೆಯೇ ಇದ್ದರು, ಸಾಲಾಗಿ ನಿಂತು ನಿಧಾನವಾಗಿ ಚಿಕ್ಕದಾಗಿ ಕಾಣತೊಡಗಿದರು. ನಾದಿನಿ ಇನ್ನೂ ಏನೋ ಹೇಳುತ್ತಿದ್ದಳು, ಕೈ ಮಾತ್ರ ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಬೈಂಡರು ಚೀಲಗಳನ್ನು ನೆಲಕ್ಕಿಟ್ಟಿರಲಿಲ್ಲ. ಇಡಬಹುದೆಂದು ಅವರಿಗೆ ತೋಚಿರಲಿಕ್ಕಿಲ್ಲ. ಆ ಮನುಷ್ಯನ ಮೇಲೆ ಅವಳಿಗೆ ಸಿಟ್ಟಿತ್ತು, ಮರುಕವೂ ಇತ್ತು. ಎರಡೂ ಇರಲಿ ಎಂದು ಬಿಟ್ಟಳು. ಮೈ ಬೆವೆತಿತ್ತು, ಅಂಗೈ ಉರಿಯುತ್ತಿತ್ತು. ಗಾಳಿ ಬಂದು ಕತ್ತಿನ ಹಿಂಭಾಗಕ್ಕೆ ತಗಲಿದಾಗ ಅವಳು ಜೋರಾಗಿ ನಕ್ಕಳು, ಏನು ಎಂದು ಮೇಡಂ ಕೇಳಿದರೆ ಏನಿಲ್ಲ ಎಂದಳು.

ಮೇಡಂ ಎದುರಿನ ಹಲಗೆಯ ಮೇಲೆ, ದೋಣಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಚಿತ್ರದ ಪುಸ್ತಕ ತೊಡೆಯ ಮೇಲೆ ತೆರೆದಿತ್ತು. ಇದ್ದಕ್ಕಿದ್ದಂತೆ ಅವರ ಪೆನ್ಸಿಲ್ ನಿಂತಿತು. ಅತ್ತಿಗೆಯ ಭುಜದ ಮೇಲಿಂದಾಚೆ ಎಲ್ಲೋ ನೋಡುತ್ತ ಅವರ ಕಣ್ಣು ಅರಳಿತು.

“ಅಯ್ಯೋ, ಅಲ್ಲಿ ಮುಂದೆ...”

“ಹೇಳ್ಬೇಡಿ ಮೇಡಂ” ಎಂದಳು ಅತ್ತಿಗೆ.

ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ ಹಿಡಿದು, ಸೊಂಟ ತಿರುಗಿಸಿ ಹಿಂದಕ್ಕೆ ನೋಡಿದಳು. ಕೆರೆಯ ನಡುವೆ ಒಂದು ಪುಟ್ಟ ನಡುಗಡ್ಡೆ ಇತ್ತು. ಅದರಲ್ಲಿ ಬಾಗಿದ ಒಂದೇ ಒಂದು ಮರ, ಮರದ ತುಂಬ ಬಿಳಿಯ ಹಕ್ಕಿಗಳು. ಕೆಲವು ಗೂಡಿಗೆ ಕಡ್ಡಿ ತರುತ್ತಿದ್ದವು, ಕೆಲವು ಜಗಳವಾಡುತ್ತಿದ್ದವು. ಒಂದು ಮಾತ್ರ ನೀರಿನ ಅಂಚಿಗೆ ಇಳಿದು ನಿಂತು ದೋಣಿಯನ್ನು ನೋಡುತ್ತಿತ್ತು. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ದೋಣಿ ಸದ್ದಿಲ್ಲದೆ ಅದರ ಕಡೆಗೆ ತೇಲುತ್ತಿತ್ತು.